ಸಂಪಾದಕಿ ಬೆಂಗಳೂರು ನಾಗರತ್ನಮ್ಮ

ಬೆಂಗಳೂರು ನಾಗರತ್ನಮ್ಮನವರ ಹೆಸರು ಕೇಳದ ಸಂಗೀತಪ್ರಿಯರು ಇರಲಾರರು. ತಿರುವೈಯಾರಿನಲ್ಲಿ ಕಾವೇರಿಯ ದಂಡೆಯ ಮೇಲೆ ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಒಡವೆ ಆಸ್ತಿಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದ ಮಹಾತಾಯಿ ಅಂತ ಅವರನ್ನು ನಾವೆಲ್ಲ ಬಲ್ಲೆವು. ಆರಾಧನೆಯ ದಿನ ಪಂಚರತ್ನ ಕೃತಿಗಳು ರೇಡಿಯೋದಲ್ಲಿ ಬರುವಾಗ ಮನೆಯ ಹಿರಿಯರು ಅವರ ಹೆಸರನ್ನು ಒಮ್ಮೆಯಾದರೂ ಎತ್ತುತ್ತಾರೆ. ಆದರೆ ನಾನಿಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಆ ಗುಡಿಯ ಕಥೆಯನ್ನಲ್ಲ. ಅದಕ್ಕೆ ಬಹಳ ಮೊದಲು, 1910ರಲ್ಲಿ, ಅವರು ಒಂದು ಪುಸ್ತಕವನ್ನು ಸಂಪಾದಿಸಿ ಹೊರತಂದರು. ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನಾ ಶಾಸ್ತ್ರವನ್ನು ಒಂದು ಪತ್ರಿಕೆಯಾಗಿ ಓದುವ ನಮಗೆ ಆ ಪುಸ್ತಕದ ಕಥೆ ಗೊತ್ತಿರಬೇಕು ಅನ್ನೋದು ನನ್ನ ಹಟ.

ಈ ಪುಸ್ತಕಕ್ಕೆ ವಾರಸುದಾರರು ಇಲ್ಲವೆನ್ನುವುದೂ ಒಂದು ಕಾರಣ. ಸಂಪಾದಿಸಿದವರ ಮನೆಮಾತು ಕನ್ನಡ, ಊರು ನಂಜನಗೂಡು. ಕಾವ್ಯ ತೆಲುಗಿನದು, ಬರೆದವಳು ತಂಜಾವೂರಿನವಳು, ಅಚ್ಚಾದದ್ದು ಮದರಾಸಿನಲ್ಲಿ. ಕನ್ನಡದವರು ಅದು ತೆಲುಗು ಪುಸ್ತಕ ಅಂತ ಬಿಟ್ಟರು. ಸಂಗೀತದವರಿಗೆ ಕಾವ್ಯದ ಗೊಡವೆ ಬೇಡ. ಕಾಚಿಗೂಡದಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು ಆಡಿಕೊಂಡು ಬೆಳೆದ ನಮ್ಮಂಥವರಾದರೂ ಅದನ್ನು ಎತ್ತಿಕೊಳ್ಳದಿದ್ದರೆ ಇನ್ಯಾರು ಎತ್ತಿಕೊಂಡಾರು?

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ. ಆಕೆಯ ಹಿಂದಿನವರು ಮೈಸೂರು ಅರಮನೆಯಲ್ಲಿ ಹಾಡುಗಾರಿಕೆಯ ಸೇವೆ ಮಾಡಿಕೊಂಡಿದ್ದವರು; ದೇವದಾಸಿ ಮನೆತನ. ತಂದೆ ಸುಬ್ಬರಾಯರೆಂಬ ವಕೀಲರು. ಮಗು ಹುಟ್ಟಿದ ಮೇಲೆ ವಕೀಲರು ತಾಯಿ ಮಗಳಿಬ್ಬರನ್ನೂ ಕೈಬಿಟ್ಟರು. ಪುಟ್ಟಲಕ್ಷ್ಮಮ್ಮ ಮಗಳನ್ನು ಕಟ್ಟಿಕೊಂಡು ಮೈಸೂರಿಗೆ ಬಂದು, ಅರಮನೆಯ ಸಂಸ್ಕೃತ ವಿದ್ವಾಂಸರೊಬ್ಬರ ಆಶ್ರಯ ಪಡೆದರು. ಆ ಶಾಸ್ತ್ರಿಗಳು ಮಗುವಿಗೆ ಸಂಸ್ಕೃತ ಹೇಳಿಕೊಟ್ಟರು, ಸಂಗೀತದ ಮೊದಲ ಪಾಠವೂ ಅಲ್ಲೇ ಆಯಿತು. ಐದನೆಯ ವಯಸ್ಸಿಗೆ ಹುಡುಗಿಗೆ ದೇವದಾಸಿ ದೀಕ್ಷೆ ಆಯಿತು. ಕೆಲವು ಕಾಲದ ಮೇಲೆ ಶಾಸ್ತ್ರಿಗಳೂ ಕೈಬಿಟ್ಟರು.

ಎರಡು ಸಲ ಕೈಬಿಟ್ಟ ಮೇಲೂ ಆ ತಾಯಿ ಮಗಳ ಓದನ್ನು ಬಿಡಿಸಲಿಲ್ಲ. ಇದನ್ನು ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಸ್ವಲ್ಪ ನಿಂತು ಯೋಚಿಸಬೇಕು. 1880ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಓದಿ ಬರೆಯಲು ಬರುತ್ತಿತ್ತು? ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೋ ಬೇಡವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದ್ದ ದಿನಗಳವು. ದೇವದಾಸಿಯ ಮನೆಯಲ್ಲಿ ಆ ಚರ್ಚೆಗೆ ಜಾಗವೇ ಇರಲಿಲ್ಲ. ಪದಕ್ಕೆ ಅಭಿನಯ ಹಿಡಿಯಬೇಕಾದರೆ ಪದದ ಅರ್ಥ, ಅಲಂಕಾರ, ನಾಯಿಕಾಭೇದ ಎಲ್ಲ ತಿಳಿದಿರಬೇಕು. ಹಾಗಾಗಿ ಯಾರನ್ನು ಸಮಾಜ ಕೀಳೆಂದಿತೋ ಅವರ ಕೈಯಲ್ಲೇ ವಿದ್ಯೆ ಉಳಿದಿತ್ತು. ಮುಂದೆ ಇದೇ ಅವರ ಮೇಲೆ ಹೊರಿಸಿದ ದೋಷವೂ ಆಯಿತು.

ಬೆಂಗಳೂರಿನಲ್ಲಿ ಸೋದರಮಾವ ವೆಂಕಟಸ್ವಾಮಪ್ಪನವರು ಪಿಟೀಲು ವಾದಕರು. ಅವರ ಆಸರೆಯಲ್ಲಿ ಕಲಿಕೆ ಮುಂದುವರಿಯಿತು. ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಹಾಡುಗಾರಿಕೆಯ ಪಾಠ, ಜೊತೆಗೆ ನಾಟ್ಯ, ಒಂದಿಷ್ಟು ಇಂಗ್ಲಿಷು. ಹದಿನೈದರ ಹೊತ್ತಿಗೆ ರಂಗಪ್ರವೇಶ. ಮೈಸೂರಿನ ಅರಸರಾದ ಚಾಮರಾಜೇಂದ್ರ ಒಡೆಯರು ಮೆಚ್ಚಿದರು, ಆಸ್ಥಾನದ ಮನ್ನಣೆ ಸಿಕ್ಕಿತು. 1894ರಲ್ಲಿ ಅರಸರು ತೀರಿಕೊಂಡರು. ಮತ್ತೆ ಬೆಂಗಳೂರು. ಅಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ನರಹರಿರಾಯರು ಪೋಷಕರಾದರು. ದೊಡ್ಡ ಕೀರ್ತಿ ಬೇಕಿದ್ದರೆ ಮದರಾಸಿಗೆ ಹೋಗಬೇಕು ಅಂತ ಸೂಚಿಸಿದವರೂ ಅವರೇ. ಮದರಾಸಿನಲ್ಲಿ ಮನೆ ಕೊಂಡರು, ಕಛೇರಿಗಳಾದವು, ಗ್ರಾಮಾಫೋನು ಪ್ಲೇಟುಗಳಾದವು, ಊರ ಹೆಸರು ತಮ್ಮ ಹೆಸರಿನ ಮುಂದೆ ಅಂಟಿತು. ಇದೆಲ್ಲ ನಿಮಗೆ ಬೇರೆ ಕಡೆಯೂ ಸಿಗುತ್ತದೆ, ನಾನು ಬೇಗ ದಾಟುತ್ತೇನೆ.

ಮದರಾಸಿನಲ್ಲಿದ್ದಾಗ, ತಂಜಾವೂರಿನ ಮರಾಠ ಅರಸರ ಕಾಲದ ತೆಲುಗು ಸಾಹಿತ್ಯವನ್ನು ಕುರಿತು ಏನನ್ನೋ ಓದುತ್ತಿರುವಾಗ ಮುದ್ದುಪಳನಿ ಎಂಬ ಹೆಸರು ಅವರ ಕಣ್ಣಿಗೆ ಬಿತ್ತು. ಪ್ರತಾಪಸಿಂಹನ ಆಸ್ಥಾನದಲ್ಲಿ, ಅಂದರೆ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇದ್ದವಳು. ಆಕೆಯೂ ಕಲಾವಂತಿಕೆಯ ಕುಲದವಳು. ರಾಧಿಕಾಸಾಂತ್ವನಮು ಎಂಬ ಕಾವ್ಯ ಬರೆದವಳು. ಆಂಡಾಳ್ ತಾಯಿಯ ತಿರುಪ್ಪಾವೈಯನ್ನು ತೆಲುಗಿಗೆ ತಂದವಳು. ಕಾವ್ಯದ ವಸ್ತು ಸ್ವಲ್ಪದರಲ್ಲಿ ಹೀಗೆ: ರಾಧೆ ತಾನೇ ಸಾಕಿ ಬೆಳೆಸಿದ ಇಳೆ ಎಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ. ಹುಡುಗಿಗೂ ಬುದ್ಧಿ ಹೇಳುತ್ತಾಳೆ, ಕೃಷ್ಣನಿಗೂ ಹೇಳುತ್ತಾಳೆ. ಆಮೇಲೆ ತಾನೇ ಸಂಕಟ ತಾಳಲಾರದೆ ಕುದಿಯುತ್ತಾಳೆ, ಕೃಷ್ಣನ ಮೇಲೆ ಹರಿಹಾಯುತ್ತಾಳೆ. ಕೊನೆಗೆ ಕೃಷ್ಣ ಬಂದು ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ. ಶೃಂಗಾರ ಧಾರಾಳವಾಗಿದೆ. ಆದರೆ ಅಲ್ಲಿ ಬೇಕು ಬೇಡಗಳನ್ನು ಹೇಳುವವಳು ಹೆಂಗಸು. ಹೊಸತು ಇರುವುದು ಅಲ್ಲಿಯೇ.

ನಾಗರತ್ನಮ್ಮ ಪುಸ್ತಕಕ್ಕಾಗಿ ಹುಡುಕಾಡಿದರು. 1887ರಲ್ಲಿ ಪೈಡಿಪಾಟಿ ವೆಂಕಟನರಸು ಎಂಬ ವಿದ್ವಾಂಸರು ಅದನ್ನು ಅಚ್ಚು ಹಾಕಿಸಿದ್ದರು. ತೆಲುಗು ನಿಘಂಟಿನ ಬ್ರೌನ್ ಸಾಹೇಬರ ಬಳಗದವರು ಈ ವೆಂಕಟನರಸು. ಕಷ್ಟಪಟ್ಟು ಆ ಪ್ರತಿ ದೊರಕಿಸಿಕೊಂಡರು. ಆಮೇಲೆ ಕಾವ್ಯದ ಹಸ್ತಪ್ರತಿಯೂ ಕೈಗೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಚ್ಚಿನ ಪ್ರತಿಯಲ್ಲಿ ಕೆಲವು ಪದ್ಯಗಳು ಇಲ್ಲ. ಅದಕ್ಕಿಂತ ಹೆಚ್ಚಿನದಾಗಿ, ಕಾವ್ಯದ ಪೀಠಿಕೆಯೇ ಇಲ್ಲ.

ಶೃಂಗಾರದ ಪದ್ಯ ಬಿಟ್ಟದ್ದು ಅರ್ಥವಾಗುತ್ತದೆ; ಒಪ್ಪದಿದ್ದರೂ ಅರ್ಥವಾಗುತ್ತದೆ. ಪೀಠಿಕೆಯಲ್ಲಿ ಏನಿತ್ತು? ಮುದ್ದುಪಳನಿ ಅಲ್ಲಿ ತನ್ನ ವಂಶ ಹೇಳಿಕೊಂಡಿದ್ದಳು. ಅಜ್ಜಿ ತಂಜನಾಯಕಿಯ ಹೆಸರು ಹೇಳಿದ್ದಳು. ವಿದ್ಯೆಯನ್ನು ಹೆಂಗಸರ ಕಡೆಯಿಂದ ಎಣಿಸಿಕೊಂಡು ಬಂದಿದ್ದಳು, ಗುರುವನ್ನು ನೆನೆದಿದ್ದಳು. ತನ್ನಂಥ ಹೆಂಗಸು ಬೇರೆ ಯಾರಿದ್ದಾರೆ, ವಿದ್ವಾಂಸರನ್ನು ಸನ್ಮಾನಿಸಿದವಳು, ಕಾವ್ಯಗಳನ್ನು ಅಂಕಿತವಾಗಿ ಪಡೆದವಳು ಎಂದು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಅಷ್ಟೆ. ಅದರಲ್ಲಿ ಅಶ್ಲೀಲ ಯಾವುದು?

ಕನ್ನಡದ ವಿದ್ಯಾರ್ಥಿಗಳಾದ ನಾವು ಇದನ್ನು ನಮ್ಮ ಕಡೆಯಿಂದ ನೋಡೋಣ. ಪಂಪ ತನ್ನ ಭಾರತದ ಕೊನೆಯಲ್ಲಿ ತನ್ನ ವಂಶವನ್ನು ಹೇಳಿಕೊಳ್ಳದಿದ್ದರೆ ಅವನ ತಂದೆ ಭೀಮಪಯ್ಯ ಯಾರು, ಅಜ್ಜಂದಿರು ಯಾರು ಎಂಬುದು ನಮಗೆ ತಿಳಿಯುತ್ತಿತ್ತೆ? ರನ್ನ ತಾನು ಬಳೆಗಾರರ ಕುಲದವನೆಂದು ಹೇಳಿದ, ತನ್ನ ಪ್ರತಿಭೆಯನ್ನು ತಾನೇ ಹೊಗಳಿಕೊಂಡ. ಆ ಪದ್ಯಗಳು ಅತಿಯಾಯಿತು ಅಂತ ಯಾವ ಸಂಪಾದಕರೂ ಕತ್ತರಿ ಹಾಕಲಿಲ್ಲ. ಹಾಕುವುದಿರಲಿ, ಕವಿಯ ಆತ್ಮಪ್ರತ್ಯಯ ಅಂತ ಅದನ್ನೇ ನಾವು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಬರೆಯುತ್ತೇವೆ. ಅದೇ ಒಬ್ಬ ಹೆಂಗಸು ಹೇಳಿಕೊಂಡಾಗ ಅದು ಅಚ್ಚಿಗೆ ಬೇಕಿಲ್ಲದ ಮಾತಾಯಿತು. ವೆಂಕಟನರಸು ದುಷ್ಟರೆಂದು ನಾನು ಹೇಳುತ್ತಿಲ್ಲ. ದುಷ್ಟರಾಗಿದ್ದರೆ ಆ ಕಾವ್ಯವನ್ನು ಅಚ್ಚು ಹಾಕಿಸುವ ಕಷ್ಟವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಬಹುಶಃ ಅದು ಮುಖ್ಯ ಎಂದು ಅವರಿಗೆ ಅನ್ನಿಸಲೇ ಇಲ್ಲ. ಅನ್ನಿಸದಿರುವುದೇ ನನ್ನ ಮಟ್ಟಿಗೆ ಕಥೆ.

ಇನ್ನು ಕಂದುಕೂರಿ ವೀರೇಶಲಿಂಗಂ ಪಂತುಲು. ಹೈದರಾಬಾದಿನಲ್ಲಿ ಬೆಳೆದವರಿಗೆ ಈ ಹೆಸರನ್ನು ಪರಿಚಯಿಸಬೇಕಿಲ್ಲ. 1874ರಲ್ಲೇ ಹುಡುಗಿಯರಿಗೆ ಶಾಲೆ ತೆರೆದವರು, 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹ ನಡೆಸಿ ಬಹಿಷ್ಕಾರ ಉಂಡವರು, ಹೆಂಗಸರಿಗಾಗಿಯೇ ಪತ್ರಿಕೆ ನಡೆಸಿದವರು. ನಮ್ಮಲ್ಲಿ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ ಹೇಗೋ ತೆಲುಗಿನಲ್ಲಿ ಪಂತುಲುಗಾರರ ಆಂಧ್ರ ಕವುಲ ಚರಿತ್ರಮು ಹಾಗೆ. ಆ ಗ್ರಂಥದಲ್ಲಿ ಅವರು ಮುದ್ದುಪಳನಿಯ ವಿದ್ವತ್ತನ್ನೂ ಶೈಲಿಯ ಮಾಧುರ್ಯವನ್ನೂ ಒಪ್ಪಿಕೊಂಡೇ, ಕೃತಿಯನ್ನು ತಳ್ಳಿಹಾಕಿದರು. ಅದರಲ್ಲಿನ ಎಷ್ಟೋ ಭಾಗ ಹೆಂಗಸರ ಬಾಯಿಂದ ಬರುವುದಿರಲಿ, ಹೆಂಗಸರ ಕಿವಿಗೂ ಬೀಳಬಾರದು ಎಂಬುದು ಅವರ ತೀರ್ಪು. ಹುಟ್ಟಿದ ಕುಲ ಅಂಥದು ಎಂಬ ಮಾತೂ ಅದರ ಬೆನ್ನಿಗೆ ಬಂತು.

ಹೆಣ್ಣುಮಕ್ಕಳ ಪಾಲಿಗೆ ಅಷ್ಟು ದುಡಿದ ಮನುಷ್ಯನ ಲೇಖನಿಯಿಂದ ಈ ತೀರ್ಪು ಬಂದದ್ದೇ ನನ್ನನ್ನು ಕಾಡುವುದು. ವಿರೋಧಿಗಳು ಹೇಳಿದ್ದರೆ ಬಿಟ್ಟುಬಿಡಬಹುದಿತ್ತು.

ನಾಗರತ್ನಮ್ಮನವರ ಪ್ರತಿ 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರಿಂದ ಪ್ರಕಟವಾಯಿತು. ವಾವಿಳ್ಳದವರೆಂದರೆ ತೆಲುಗಿನಲ್ಲೂ ಸಂಸ್ಕೃತದಲ್ಲೂ ಪ್ರಾಚೀನ ಗ್ರಂಥಗಳಿಗೆ ಹೆಸರಾದ ಪ್ರಕಾಶಕರು. ಬಿಟ್ಟಿದ್ದ ಪದ್ಯಗಳು ಬಂದವು, ಪೀಠಿಕೆ ಬಂತು. ತೆಲುಗಿನಲ್ಲಿ ತಮ್ಮದೊಂದು ಮುನ್ನುಡಿಯನ್ನೂ ನಾಗರತ್ನಮ್ಮ ಬರೆದರು. ಈ ಕಾವ್ಯ ಹೆಂಗಸು ಬರೆದದ್ದು, ಅದರಲ್ಲೂ ತಮ್ಮ ಕುಲದವಳೇ ಬರೆದದ್ದು, ಆದ್ದರಿಂದ ಅದನ್ನು ಸರಿಯಾದ ರೂಪದಲ್ಲಿ ಹೊರತರುವುದು ತಮ್ಮ ಕೆಲಸ ಎಂಬರ್ಥದಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಕುಲವನ್ನು ಬಯ್ಗುಳವಾಗಿ ಎಸೆದವರ ಎದುರು ಕುಲವನ್ನೇ ಅರ್ಹತೆಯಾಗಿ ಇಟ್ಟರು ನೋಡ್ರಿ!

ಪಂತುಲುಗಾರರಿಗೂ ಅವರು ಉತ್ತರ ಕೊಟ್ಟರು. ಕೂಗಾಡಲಿಲ್ಲ, ಹೋಲಿಕೆ ಮಾಡಿದರು. ನಾಚಿಕೆ ಎನ್ನುವುದು ಹೆಂಗಸರಿಗೆ ಮಾತ್ರ ಇರಬೇಕಾದದ್ದೋ, ಗಂಡಸರಿಗೆ ಬೇಡವೋ ಎಂದು ಕೇಳಿದರು. ಅಶ್ಲೀಲವೇ ಅಳತೆಗೋಲಾದರೆ ಗಂಡಸು ಕವಿಗಳ ಕಾವ್ಯಗಳನ್ನೂ ಅದರಿಂದ ಅಳೆಯಬೇಕಲ್ಲ? ವಿಪ್ರನಾರಾಯಣನನ್ನು ದೇವದೇವಿ ಎಂಬ ವೇಶ್ಯೆ ಮೋಹಿಸಿದ ಕಥೆಯುಳ್ಳ ವೈಜಯಂತೀವಿಲಾಸದಲ್ಲಿ ಇದಕ್ಕಿಂತ ಬಿಚ್ಚುಮಾತಿನ ವರ್ಣನೆಗಳಿವೆ. ಆ ಕಾವ್ಯ ಅಚ್ಚಾಗುವುದಕ್ಕೆ ಪಂತುಲುಗಾರರೇ ಪರಿಷ್ಕರಿಸಿ ಒಪ್ಪಿಗೆ ಕೊಟ್ಟಿದ್ದರಲ್ಲ ಎಂದು ತೋರಿಸಿದರು. ಒಂದೇ ಕೈ, ಎರಡು ತಕ್ಕಡಿ. ವಿಶ್ವವಿದ್ಯಾಲಯದ ಮುಖ ನೋಡದ, ಪದವಿ ಇಲ್ಲದ ಒಬ್ಬ ಗಾಯಕಿ ತನ್ನ ಕಾಲದ ಅತ್ಯಂತ ದೊಡ್ಡ ವಿಮರ್ಶಕನ ಮುಂದೆ ಎರಡು ಪುಸ್ತಕ ತೆರೆದಿಟ್ಟು ತೋರಿಸಿದರು. ಇವತ್ತು ಯಾವ ಪಿಎಚ್.ಡಿ. ಪ್ರಬಂಧವೂ ಈ ವಿಷಯದಲ್ಲಿ ಇದಕ್ಕಿಂತ ಬೇರೆ ವಿಧಾನ ಹಿಡಿಯಲಾರದು.

ಉತ್ತರಕ್ಕೆ ಬಂದದ್ದು ವಾದವಲ್ಲ. ಶಶಿಲೇಖ ಎಂಬ ತೆಲುಗು ಪತ್ರಿಕೆಯ ವಿಮರ್ಶೆ, ಒಬ್ಬ ವೇಶ್ಯೆ ಬರೆದದ್ದು, ಇನ್ನೊಬ್ಬ ವೇಶ್ಯೆ ತಿದ್ದಿದ್ದು ಎನ್ನುವ ಧಾಟಿಯಲ್ಲಿ ಮುಗಿಯಿತು. ಪಾಠ ಸರಿಯೇ, ಹಸ್ತಪ್ರತಿಯಿಂದ ತುಂಬಿದ ಪದ್ಯಗಳು ಪ್ರಕ್ಷಿಪ್ತವೇ, ಮುನ್ನುಡಿಯ ವಾದ ನಿಲ್ಲುತ್ತದೆಯೇ, ಇದ್ಯಾವುದೂ ವಿಮರ್ಶಕರಿಗೆ ಬೇಕಾಗಲಿಲ್ಲ. 1911ರಲ್ಲಿ ವಿಷಯ ಸರ್ಕಾರದ ಕಿವಿಗೆ ಹೋಯಿತು. ಸರ್ಕಾರದ ತೆಲುಗು ಅನುವಾದಕರು ಆಕ್ಷೇಪಾರ್ಹವೆನಿಸಿದ ಭಾಗಗಳನ್ನು ಆರಿಸಿ ಇಂಗ್ಲಿಷಿಗೆ ಮಾಡಿಕೊಟ್ಟರು. ಪೊಲೀಸ್ ಕಮಿಷನರ್ ಕನ್ನಿಂಗ್‌ಹ್ಯಾಮ್ ಪ್ರತಿಗಳನ್ನು ವಶಪಡಿಸಿಕೊಂಡ. ತೆಲುಗು ಪಂಡಿತರಲ್ಲಿ ಕೆಲವರು ಇದು ಸರಿಯಲ್ಲವೆಂದು ಸರ್ಕಾರಕ್ಕೆ ಮನವಿ ಕೊಟ್ಟರು ಎಂಬುದನ್ನೂ ಹೇಳಲೇಬೇಕು. ಕೇಳಲಿಲ್ಲ, ನಿಷೇಧ ಬಂತು. ನ್ಯಾಯವಾಗಿ ಇನ್ನೊಂದು ಮಾತು: ಪೊಲೀಸರು ಹಿಡಿದ ಪಟ್ಟಿಯಲ್ಲಿ ಗಂಡಸರು ಬರೆದ ಕೆಲವು ಶೃಂಗಾರ ಕಾವ್ಯಗಳೂ ಇದ್ದವು. ಆಂಗ್ಲ ಸರ್ಕಾರದ ಕತ್ತರಿಗೆ ಗಂಡು ಹೆಣ್ಣೆಂಬ ಭೇದ ಅಷ್ಟು ಇರಲಿಲ್ಲ. ಭೇದ ಇದ್ದದ್ದು ನಮ್ಮ ಪಂಡಿತರ ಕನ್ನಡಕದಲ್ಲಿ. ಗಂಡಸರ ಕಾವ್ಯ ಸಿಕ್ಕಿಬಿದ್ದಾಗ ಕಾವ್ಯದ ಮೇಲೆ ಮಾತು ನಡೆಯಿತು, ಮುದ್ದುಪಳನಿಯದು ಸಿಕ್ಕಾಗ ಆಕೆಯ ಕುಲದ ಮೇಲೆ.

ಇಲ್ಲಿ ಸ್ವಲ್ಪ ಬದಿಗೆ ಸರಿಯುತ್ತೇನೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಹದಿಬದೆಯ ಧರ್ಮ ಬರೆದಳು. ಮುದ್ದುಪಳನಿಗಿಂತ ಎರಡು ಮೂರು ತಲೆಮಾರು ಹಿಂದಿನವಳು. ಅರಮನೆಯ ಹೆಂಗಸೇ, ಕಾವ್ಯ ಕಲಿತವಳೇ. ಆದರೆ ಅವಳು ಪತಿವ್ರತೆಯ ನಡತೆ ಹೇಳಿದಳು, ಪಠ್ಯಪುಸ್ತಕದೊಳಕ್ಕೆ ನಡೆದು ಬಂದಳು. ಹೊನ್ನಮ್ಮನ ಕಾವ್ಯದಲ್ಲಿ ಹೆಣ್ಣುಮಗು ಗಂಡುಮಗು ಒಂದೇ ಎನ್ನುವ ಕಿಡಿ ಇಲ್ಲವೆಂದಲ್ಲ, ಇದೆ. ಆದರೂ ಯಾವ ಹೆಂಗಸು ಮಾತಾಡಿದರೆ ಅಚ್ಚಿನವರಿಗೆ ಹಿತ ಅನ್ನೋದು ಈ ಇಬ್ಬರನ್ನು ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ನಿಷೇಧದ ಎರಡು ವರ್ಷದ ಮೇಲೆ, 1913ರಲ್ಲಿ, ನಾಗರತ್ನಮ್ಮ ಹುಟ್ಟಿದ ಅದೇ ನಂಜನಗೂಡಿನಲ್ಲಿ ತಿರುಮಲಾಂಬ ಎಂಬ ಬಾಲವಿಧವೆ ಸತೀಹಿತೈಷಿಣೀ ಗ್ರಂಥಮಾಲೆ ಆರಂಭಿಸಿದರು. ಮಾಲೆಯ ಹೆಸರಿನಲ್ಲೇ ಸತಿ ಇದ್ದಾಳೆ. ಹೆಂಗಸು ಪ್ರಕಾಶಕಿಯಾಗಿ ಬೀದಿಗೆ ಬರಬೇಕಾದರೆ ಆ ಸೆರಗು ಬೇಕಿತ್ತೋ ಏನೋ.

ಅವೆಲ್ಲ ಹಳೆಯ ಕಾಲ, ಈಗೇನಿದೆ ಎನ್ನುವವರಿದ್ದಾರೆ. ಒಂದು ವಿಚಾರಗೋಷ್ಠಿಯ ಪ್ರಬಂಧಗಳ ಸಂಪುಟದಲ್ಲಿ ನನ್ನದೂ ಒಂದು ಲೇಖನ ಬಂತು. ಯಾವ ಗೋಷ್ಠಿ ಅಂತ ಹೇಳುವುದಿಲ್ಲ. ಪರಿವಿಡಿಯಲ್ಲಿ ಹುಡುಗರ ಹೆಸರು ಬರೀ ಹೆಸರು. ನಮ್ಮ ಮೂವರು ಹುಡುಗಿಯರ ಹೆಸರಿನ ಹಿಂದೆ ಕು. ಎಂಬ ಒಂದಕ್ಷರ, ಚುಕ್ಕಿ ಸಮೇತ. ಮೂವರ ಲೇಖನಗಳೂ ಕೊನೆಯಲ್ಲಿ, ಮಹಿಳೆ ಮತ್ತು ಸಾಹಿತ್ಯ ಎಂಬ ಭಾಗದಲ್ಲಿ. ನನ್ನದು ಕೇಶಿರಾಜನ ಸಂಧಿಪ್ರಕರಣದ ಮೇಲೆ ಇತ್ತು! ಕೇಳಿದ್ದಕ್ಕೆ, ಯಾರೂ ಬೇಕಂತ ಮಾಡಿದ್ದಲ್ಲಮ್ಮ, ಮಾಮೂಲು ಹಾಗೇ ಹಾಕೋದು ಅಂದರು. ನಂಬುತ್ತೇನೆ. ಬೇಕಂತ ಮಾಡಿದ್ದಲ್ಲ.

ಅಮೆರಿಕದಲ್ಲಿ 1968ರಲ್ಲಿ ಫಿಲಿಪ್ ಗೋಲ್ಡ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದ. ಒಂದೇ ಲೇಖನಕ್ಕೆ ಕೆಲವು ಪ್ರತಿಗಳಲ್ಲಿ ಗಂಡಸಿನ ಹೆಸರು, ಕೆಲವು ಪ್ರತಿಗಳಲ್ಲಿ ಹೆಂಗಸಿನ ಹೆಸರು ಹಾಕಿ ಕಾಲೇಜು ಹುಡುಗಿಯರ ಕೈಗೆ ಕೊಟ್ಟ. ಹುಡುಗಿಯರೇ ಗಂಡಸಿನ ಹೆಸರಿದ್ದ ಪ್ರತಿಗೆ ಹೆಚ್ಚು ಬೆಲೆ ಕಟ್ಟಿದರು. ಆಮೇಲಿನ ಪ್ರಯೋಗಗಳಲ್ಲಿ ಈ ಅಂತರ ಎಲ್ಲ ಕಡೆ ಒಂದೇ ಸಮನೆ ಕಂಡಿಲ್ಲ, ಎಷ್ಟೋ ಕಡೆ ಸಣ್ಣದಾಗಿದೆ. ಲೇಖಕರ ಹೆಸರನ್ನು ಮುಚ್ಚಿ ಪರೀಕ್ಷಕರಿಗೆ ಕಳಿಸುವ ಪದ್ಧತಿಯನ್ನು ಎಷ್ಟೋ ವಿದ್ವತ್ಪತ್ರಿಕೆಗಳು ಇಟ್ಟುಕೊಂಡಿವೆ. ಒಳ್ಳೆಯದೇ. ಆದರೆ ಮುದ್ದುಪಳನಿಗೆ ಅದರಿಂದ ಏನು ಉಪಯೋಗ? ಆಕೆಯ ಪೀಠಿಕೆಯ ಜೀವವೇ ಆಕೆಯ ಹೆಸರು.

ಮತ್ತೆ ನಾಗರತ್ನಮ್ಮನವರಿಗೆ ಬರೋಣ. ಅವರ ಬದುಕಿನ ಇನ್ನೊಂದು ಘಟನೆಯನ್ನು ನಮ್ಮಲ್ಲಿ ಬರೆಯುವವರು ಮೆಲ್ಲಗೆ ದಾಟಿಬಿಡುತ್ತಾರೆ. 1927ರ ನಂತರ ಮದರಾಸಿನ ವಿಧಾನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ದೇವದಾಸಿ ಪದ್ಧತಿಯನ್ನು ನಿಲ್ಲಿಸುವ ಪ್ರಯತ್ನಕ್ಕೆ ಕೈಹಾಕಿದಾಗ, ಮದರಾಸಿನ ದೇವದಾಸಿಯರು ಸಂಘ ಕಟ್ಟಿ ವಿರೋಧಿಸಿದರು. ಮುಂದಾಳುಗಳಲ್ಲಿ ನಾಗರತ್ನಮ್ಮ ಒಬ್ಬರು. ತಮ್ಮದು ಕಲೆ ಮತ್ತು ದೇವರ ಸೇವೆ, ಅದನ್ನು ಸೂಳೆಗಾರಿಕೆಯ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ ಎಂಬುದು ಅವರ ಮನವಿಯ ತಿರುಳು. ಕಾಯಿದೆ ಕೊನೆಗೆ 1947ರಲ್ಲಿ ಆಯಿತು. ನಾನು ಮುತ್ತುಲಕ್ಷ್ಮಿಯವರ ಪಕ್ಷದವಳು. ಐದು ವರ್ಷದ ಮಗುವಿಗೆ ದೀಕ್ಷೆ ಕೊಡುವುದನ್ನು ಯಾವ ಕಲೆಯ ಹೆಸರಿನಲ್ಲೂ ಒಪ್ಪಲಾರೆ. ಆದರೆ ಆ ಮನವಿಯ ಹಿಂದೆ ಇದ್ದ ನೋವು ರಾಧಿಕಾಸಾಂತ್ವನದ ಮುನ್ನುಡಿಯ ಹಿಂದಿದ್ದ ನೋವೇ. ತಮ್ಮ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ನಡೆದು ಬಂದ ವಿದ್ಯೆಯನ್ನು ಯಾರೂ ವಿದ್ಯೆ ಎಂದು ಎಣಿಸಲಿಲ್ಲವಲ್ಲ ಎಂಬುದು.

ತಿರುವೈಯಾರಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಕಾದಷ್ಟೇ ಹೇಳುತ್ತೇನೆ. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಸಮಾಧಿಯ ದುಃಸ್ಥಿತಿಯನ್ನು ನೋಡಿ ತಿಳಿಸಿದರು. 1921ರಲ್ಲಿ ಕೆಲಸ ಆರಂಭಿಸಿ, 1926ರ ಜನವರಿ 7ರಂದು ಪ್ರತಿಷ್ಠೆ ಮಾಡಿಸಿದರು. ದುಡ್ಡು ಅವರದು. ಆದರೆ ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರ ಎರಡು ಪಕ್ಷಗಳಲ್ಲೂ ಹೆಂಗಸರು ಹಾಡುವ ಹಾಗಿರಲಿಲ್ಲ. ಗುಡಿ ಕಟ್ಟಿಸಿದವರೇ ಆ ಗುಡಿಯ ಮುಂದೆ ಹಾಡುವ ಹಾಗಿಲ್ಲ! 1927ರಿಂದ ನಾಗರತ್ನಮ್ಮ ಹೆಂಗಸರದೇ ಒಂದು ಗೋಷ್ಠಿ ಕಟ್ಟಿ ಸಮಾಧಿಯ ಹಿಂಭಾಗದಲ್ಲಿ ಹಾಡಿಸತೊಡಗಿದರು. 1940ರ ಸುಮಾರಿಗೆ ಪಕ್ಷಗಳೆಲ್ಲ ಒಂದಾದಾಗ ಹೆಂಗಸರೂ ಒಳಗೆ ಬಂದರು. ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ಶತನಾಮಾವಳಿಯನ್ನು ಅವರು ರಚಿಸಿದ್ದೂ ಉಂಟು. ನಾಮಾವಳಿ ರಚಿಸಿದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಭಕ್ತಿಯಲ್ಲಿ ಹೆಂಗಸು ಸಂಸ್ಕೃತ ಬರೆದರೆ ಯಾರಿಗೂ ತೊಂದರೆ ಇಲ್ಲ. ಅದೇ ಹೆಂಗಸು ಹಸ್ತಪ್ರತಿ ಹಿಡಿದು ಪಾಠನಿರ್ಣಯ ಮಾಡಿದ್ದನ್ನು ಅವರ ಮೇಲಿನ ಲೇಖನಗಳಲ್ಲಿ ಹುಡುಕಿ ನೋಡಿ. ಹತ್ತು ಪುಟದಲ್ಲಿ ಅರ್ಧ ಪ್ಯಾರಾ ಸಿಕ್ಕರೆ ಪುಣ್ಯ.

ರಾಧಿಕಾಸಾಂತ್ವನದ ಮೇಲಿನ ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಪಂತುಲು ಅವರ ಪ್ರಯತ್ನದಿಂದ. 1952ರಲ್ಲಿ ವಾವಿಳ್ಳದವರು ಮತ್ತೆ ಅಚ್ಚು ಹಾಕಿದರು. ಅದೇ 1952ರ ಮೇ 19ರಂದು ನಾಗರತ್ನಮ್ಮ ತೀರಿಕೊಂಡರು. ತ್ಯಾಗರಾಜರ ಸಮಾಧಿಗೆ ಎದುರಾಗಿ ಅವರ ಸಮಾಧಿ ಇದೆ, ಕೈಮುಗಿದು ಕೂತ ಮೂರ್ತಿ ಇದೆ. ಪುಸ್ತಕ ಹಿಡಿದ ಮೂರ್ತಿಯನ್ನು ಯಾರೂ ಮಾಡಿಸಲಿಲ್ಲ.

ನಿಷೇಧ ಹೋದರೂ ಸಾಹಿತ್ಯ ಚರಿತ್ರೆಗಳಲ್ಲಿ ಹಳೆಯ ತೀರ್ಪೇ ನಡೆದುಕೊಂಡು ಬಂತು. ಕಾವ್ಯವನ್ನು ಓದದವರೂ ಅದು ಅಶ್ಲೀಲವೆಂದು ಬರೆದರು, ಏಕೆಂದರೆ ಮೊದಲಿನವರು ಹಾಗೆ ಬರೆದಿದ್ದರು. ಅದನ್ನು ಮುರಿದವರು ನಮ್ಮ ಹೈದರಾಬಾದಿನಲ್ಲೇ ಇದ್ದ ಸೂಸಿ ತಾರು ಮತ್ತು ಕೆ. ಲಲಿತಾ. ಭಾರತದ ಹತ್ತಾರು ಭಾಷೆಗಳ ಹೆಂಗಸರ ಬರವಣಿಗೆಯನ್ನು ಕೂಡಿಸಿ ಅವರು ಇಂಗ್ಲಿಷಿನಲ್ಲಿ ಹೊರತಂದ ದೊಡ್ಡ ಸಂಕಲನದ ಮೊದಲ ಸಂಪುಟ 1991ರಲ್ಲಿ ಬಂತು. ಅದರ ಮುನ್ನುಡಿ ಆರಂಭವಾಗುವುದೇ ನಾಗರತ್ನಮ್ಮನವರ ಈ ಪುಸ್ತಕದ ಕಥೆಯಿಂದ. 2011ರಲ್ಲಿ ಸಂಧ್ಯಾ ಮೂಲ್‌ಚಂದಾನಿಯವರ ಇಂಗ್ಲಿಷ್ ಅನುವಾದವೂ ಬಂತು.

ನನಗೆ ಸಿಕ್ಕಿದ್ದು ಮೂಲದ ಹಳೆಯ ತೆಲುಗು ಪ್ರತಿಯ ಒಂದು ನಕಲು. ನಮ್ಮ ಓಣಿಯ ಪಿನ್ನಿ ಒಬ್ಬರು ತೆಲುಗು ಪಂಡಿತ ಪರೀಕ್ಷೆ ಮಾಡಿದವರು; ಸಂಜೆ ಅಡುಗೆ ಮುಗಿಸಿ ಬಂದು ಪದ್ಯ ಬಿಡಿಸಿ ಅರ್ಥ ಹೇಳುತ್ತಾರೆ. ಕೆಲವು ಪದ್ಯಕ್ಕೆ ನಕ್ಕುಬಿಡುತ್ತಾರೆ, ಕೆಲವಕ್ಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. ನಾವು ಮೂವರು ಗೆಳತಿಯರು ಸೇರಿ ಮೊದಲು ಪೀಠಿಕೆಯನ್ನು ಕನ್ನಡಕ್ಕೆ ಮಾಡುತ್ತಿದ್ದೇವೆ. ತಂಜನಾಯಕಿಯ ಹೆಸರು ಬರುವ ಪದ್ಯದ ತನಕ ಬಂದಿದ್ದೇವೆ.